ತೂಕ ಇಳಿಸುವ ಚುಚ್ಚುಮದ್ದು ಬಂತು. ಇನ್ನು ಊಟ, ನಡಿಗೆಯ ಲೆಕ್ಕ ಬೇಡವೇ?

2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ. ತೂಕ ಇಳಿಸುವ ಎರಡು ಚುಚ್ಚುಮದ್ದುಗಳು ಮೂರು ತಿಂಗಳ ಅಂತರದಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ಔಷಧದ ಪೇಟೆಂಟ್ ಅವಧಿ ನಮ್ಮ ದೇಶದಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ. ಆಮೇಲೆ ಬೇರೆ ಕಂಪನಿಗಳೂ ಅದನ್ನು ತಯಾರಿಸಿ ಮಾರಲು ದಾರಿ ತೆರೆಯುತ್ತದೆ, ಪೈಪೋಟಿಯಿಂದ ಬೆಲೆ ಇಳಿಯುತ್ತದೆ. ಹಾಗಾಗಿ ಇಂದಲ್ಲ ನಾಳೆ ಈ ಪ್ರಶ್ನೆ ನಿಮಗೂ ಎದುರಾಗಬಹುದು: ವಾರಕ್ಕೊಂದು ಸೂಜಿ ಸಾಕು ಎನ್ನುವುದಾದರೆ ಅನ್ನ ಕಡಿಮೆ ಮಾಡುವುದೇಕೆ, ಬೆಳಿಗ್ಗೆ ಎದ್ದು ನಡೆಯುವುದೇಕೆ?

ಚಿಕ್ಕದಾಗಿ ಹೇಳುವುದಾದರೆ, ಸೂಜಿ ನಿಮ್ಮ ಹಸಿವನ್ನು ತಗ್ಗಿಸುತ್ತದೆ. ಕಡಿಮೆಯಾದ ಊಟದಲ್ಲಿ ಏನಿರಬೇಕು, ಮೈಯಲ್ಲಿ ಸ್ನಾಯು ಹೇಗೆ ಉಳಿಯಬೇಕು ಎಂಬುದನ್ನು ಅದು ನೋಡಿಕೊಳ್ಳುವುದಿಲ್ಲ. ನಮ್ಮಂಥ ಭಾರತೀಯರಿಗೆ ಮುಖ್ಯವಾದದ್ದು ಆ ಎರಡನೆಯ ಭಾಗವೇ.

ತೂಕದ ಯಂತ್ರ ಹೇಳದ ಸಂಗತಿ

2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೊ ಪ್ರಕಟವಾಯಿತು. ಒಬ್ಬರು ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಇಬ್ಬರದೂ 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ 9.1 ಇದ್ದರೆ ಯಾಜ್ಞಿಕ್ ಅವರಲ್ಲಿ ಶೇ 21.2 ಇತ್ತು. ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ. ಭಾರತೀಯರಲ್ಲಿ ಹೆಚ್ಚಾಗಿ ಕಾಣುವ ದೇಹಸ್ಥಿತಿ ಇದು.

ಇದೇ ಕಾರಣಕ್ಕೆ ನಮ್ಮಲ್ಲಿ ಬಿಎಂಐ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ವೈದ್ಯರು ಪರಿಗಣಿಸುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ಈ ಗಡಿ 25 ಮತ್ತು 30. ಅದಕ್ಕಿಂತ ಸರಳ ಅಳತೆ ಹೊಟ್ಟೆಯ ಸುತ್ತಳತೆ. ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಿದರೆ ಎಚ್ಚರ ಬೇಕು. ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ 2023ರ ವರದಿಯ ಪ್ರಕಾರ, ದೇಶದ ವಯಸ್ಕರಲ್ಲಿ ಒಟ್ಟಾರೆ ಬೊಜ್ಜು ಇರುವವರು ಶೇ 28.6, ಹೊಟ್ಟೆಯ ಬೊಜ್ಜು ಇರುವವರು ಶೇ 39.5. ಅಂದರೆ ‘ನನ್ನ ತೂಕ ಸರಿಯಾಗಿಯೇ ಇದೆ’ ಎನ್ನುವ ಎಷ್ಟೋ ಜನರ ಹೊಟ್ಟೆ ಬೇರೆಯೇ ಕಥೆ ಹೇಳುತ್ತಿದೆ.

ಸೂಜಿ ಏನು ಮಾಡುತ್ತದೆ?

ಊಟವಾದ ಮೇಲೆ ಕರುಳಿನಲ್ಲಿ ಹುಟ್ಟುವ ಜಿಎಲ್‌ಪಿ-1 ಎಂಬ ಹಾರ್ಮೋನಿನ ಕೆಲಸವನ್ನು ಸೆಮಾಗ್ಲುಟೈಡ್ ಅನುಕರಿಸುತ್ತದೆ. ಹೊಟ್ಟೆ ಬೇಗ ತುಂಬಿದಂತೆ ಅನಿಸುತ್ತದೆ, ತಿನ್ನುವ ಆಸೆ ತಗ್ಗುತ್ತದೆ. ಇದರ ಮುಖ್ಯ ಪ್ರಯೋಗವಾದ ‘ಸ್ಟೆಪ್-1’ರಲ್ಲಿ 68 ವಾರಗಳ ನಂತರ ಸರಾಸರಿ ಶೇ 14.9ರಷ್ಟು ತೂಕ ಇಳಿಯಿತು. 80 ಕೆ.ಜಿ. ಇದ್ದವರಿಗೆ ಇದು ಸುಮಾರು 12 ಕೆ.ಜಿ. ಸಣ್ಣ ಸಾಧನೆಯೇನಲ್ಲ.

ಆದರೆ ಜಾಹೀರಾತಿನಂಥ ಮಾತುಗಳಲ್ಲಿ ಬಿಟ್ಟುಹೋಗುವ ಮೂರು ವಿಷಯಗಳಿವೆ. ಒಂದು, ಆ ಪ್ರಯೋಗದಲ್ಲಿದ್ದ ಎಲ್ಲರಿಗೂ ದಿನಕ್ಕೆ 500 ಕ್ಯಾಲರಿ ಕಡಿಮೆ ತಿನ್ನಲು, ವಾರಕ್ಕೆ 150 ನಿಮಿಷ ವ್ಯಾಯಾಮ ಮಾಡಲು ಮಾರ್ಗದರ್ಶನ ಕೊಡಲಾಗಿತ್ತು. ಅಲ್ಲಿ ಸೂಜಿ ಒಂಟಿಯಾಗಿ ಕೆಲಸ ಮಾಡಲಿಲ್ಲ. ಎರಡು, ಔಷಧ ಮತ್ತು ಮಾರ್ಗದರ್ಶನ ಎರಡೂ ನಿಂತ ಒಂದು ವರ್ಷದಲ್ಲಿ, ಇಳಿದ ತೂಕದ ಮೂರನೇ ಎರಡು ಭಾಗ ಮರಳಿ ಬಂತು. ಮೂರು, ಕೆಲವರ ದೇಹವನ್ನು ಸ್ಕ್ಯಾನ್ ಮಾಡಿ ನೋಡಿದಾಗ, ಇಳಿದ ತೂಕದಲ್ಲಿ ಸುಮಾರು ಶೇ 40 ಕೊಬ್ಬಿನದಾಗಿರಲಿಲ್ಲ. ಸ್ನಾಯು, ನೀರಿನಂಥ ಇತರ ಭಾಗಗಳದಾಗಿತ್ತು.

ಮೂರನೆಯದು ನಮಗೆ ವಿಶೇಷವಾಗಿ ಮುಖ್ಯ. ಊಟ ಬಿಟ್ಟು ತೂಕ ಇಳಿಸಿಕೊಂಡರೂ ಸ್ನಾಯು ಕರಗುತ್ತದೆ. ಮೊದಲೇ ಕಡಿಮೆ ಸ್ನಾಯು ಇರುವವರು ಅದನ್ನೂ ಕಳೆದುಕೊಂಡು, ಆಮೇಲೆ ಕೊಬ್ಬನ್ನು ಮಾತ್ರ ಮರಳಿ ಪಡೆದರೆ, ತೂಕದ ಯಂತ್ರ ಹಳೆಯ ಅಂಕಿಯನ್ನೇ ತೋರಿಸಿದರೂ ಮೈ ಮೊದಲಿಗಿಂತ ದುರ್ಬಲವಾಗಿರುತ್ತದೆ.

ತಟ್ಟೆಯಲ್ಲಿ ಏನು ಬದಲಾಗಬೇಕು?

2025ರಲ್ಲಿ ‘ನೇಚರ್ ಮೆಡಿಸಿನ್’ನಲ್ಲಿ ಪ್ರಕಟವಾದ ಇಂಡಿಯಾಬ್ ಆಹಾರ ಸಮೀಕ್ಷೆಯ ಪ್ರಕಾರ, ಭಾರತೀಯರ ಕ್ಯಾಲರಿಗಳಲ್ಲಿ ಶೇ 62 ಬರುವುದು ಕಾರ್ಬೋಹೈಡ್ರೇಟ್‌ನಿಂದ. ಅನ್ನದ ಬದಲು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟಿಗೆ ಬದಲಾಯಿಸಿದ ಮಾತ್ರಕ್ಕೆ ಮಧುಮೇಹದ ಅಪಾಯ ಕಡಿಮೆಯಾದದ್ದು ಅದರಲ್ಲಿ ಕಾಣಲಿಲ್ಲ. ಕಾರ್ಬೋಹೈಡ್ರೇಟ್‌ನ ಒಂದು ಪಾಲು ಬೇಳೆಕಾಳು ಅಥವಾ ಹಾಲಿನ ಪದಾರ್ಥಗಳ ಪ್ರೋಟೀನ್‌ಗೆ ಜಾಗ ಬಿಟ್ಟುಕೊಟ್ಟಲ್ಲಿ ಅಪಾಯ ಕಡಿಮೆ ಕಂಡಿತು. ಹಾಗಾಗಿ ಎರಡು ಸೌಟು ಅನ್ನ ಬಿಟ್ಟು ಎರಡು ದೊಡ್ಡ ಮುದ್ದೆ ಉಂಡರೆ ಲೆಕ್ಕ ಬದಲಾಗದು. ಒಂದೇ ಚಿಕ್ಕ ಮುದ್ದೆ, ಜೊತೆಗೆ ಒಂದು ಬಟ್ಟಲು ಹುರುಳಿ ಅಥವಾ ಹೆಸರುಕಾಳಿನ ಸಾರು, ಸೊಪ್ಪಿನ ಪಲ್ಯ, ಗಟ್ಟಿ ಮೊಸರು ಇದ್ದರೆ ಬದಲಾಗುತ್ತದೆ.

ಐಸಿಎಂಆರ್ ಪ್ರಕಾರ ದಿನಕ್ಕೆ ಬೇಕಾದ ಪ್ರೋಟೀನ್ ದೇಹದ ತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ. 60 ಕೆ.ಜಿ. ಇರುವವರಿಗೆ ಸುಮಾರು 50 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಹಿಡಿ ಒಣ ಕಾಳಿನಲ್ಲಿ 6–7 ಗ್ರಾಂ ಸಿಗುತ್ತದೆ. ತಿಳಿಸಾರು ಅನ್ನವನ್ನೇ ನಂಬಿದರೆ ಈ ಲೆಕ್ಕ ತುಂಬುವುದಿಲ್ಲ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರೋಟೀನ್ ಹೆಚ್ಚಿಸಬೇಕು.

ಇನ್ನು ಎಣ್ಣೆ. ನಾಲ್ವರ ಮನೆಯಲ್ಲಿ ತಿಂಗಳಿಗೆ 5 ಲೀಟರ್ ಖರ್ಚಾದರೆ ತಲಾ ದಿನಕ್ಕೆ ಸುಮಾರು 40 ಮಿ.ಲೀ., ಅಂದರೆ 340 ಕ್ಯಾಲರಿಯ ಆಸುಪಾಸು. ಅದನ್ನು 3 ಲೀಟರ್‌ಗೆ ಇಳಿಸಿದರೆ ಯಾರ ಊಟವೂ ಕಡಿಮೆಯಾಗದೆ ತಲಾ ಸುಮಾರು 140 ಕ್ಯಾಲರಿ ಉಳಿಯುತ್ತದೆ. ತಿಂಗಳ ಸಾಮಾನಿನ ಚೀಟಿಯಲ್ಲೇ ಈ ಬದಲಾವಣೆ ಮಾಡಬಹುದು.

ನಡಿಗೆಯ ಜೊತೆಗೆ ಬಸ್ಕಿಯೂ ಬೇಕು

2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ, ಹೆಂಗಸರಲ್ಲಿ ಶೇ 57, ಸಾಕಷ್ಟು ದೈಹಿಕ ಚಟುವಟಿಕೆ ಮಾಡುತ್ತಿರಲಿಲ್ಲ ಎಂದು ಲ್ಯಾನ್ಸೆಟ್ ಸಮೂಹದ ಪತ್ರಿಕೆಯೊಂದರ ಅಧ್ಯಯನ ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡುವ ವ್ಯಾಯಾಮ. ನಮ್ಮಲ್ಲಿ ನಡೆಯುವವರೂ ಈ ಎರಡನೆಯದನ್ನು ಬಿಟ್ಟುಬಿಡುತ್ತಾರೆ.

ಇದಕ್ಕೆ ಜಿಮ್ಮೇ ಬೇಕೆಂದಿಲ್ಲ. ಕೈಯೂರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಬಸ್ಕಿ, ಗೋಡೆಗೆ ಕೈಯೂರಿ ಪುಶ್‌ಅಪ್, ನೀರು ತುಂಬಿದ ಬಾಟಲಿ ಎತ್ತುವುದು, ಇಷ್ಟರಿಂದ ಶುರುಮಾಡಬಹುದು. ಮುಂಬೈ ಲೋಕಲ್‌ನಲ್ಲೋ ದೆಹಲಿ ಮೆಟ್ರೊದಲ್ಲೋ ದಿನದ ಎರಡು ಗಂಟೆ ಕಳೆದುಹೋಗುವವರು 150 ನಿಮಿಷವನ್ನು ತುಂಡು ಮಾಡಿಕೊಳ್ಳಬಹುದು. ಸ್ಟೇಷನ್ನಿಗೆ ಬಿರುಸಾಗಿ ಹೆಜ್ಜೆ ಹಾಕಿದ ಹದಿನೈದು ನಿಮಿಷವೂ ಲೆಕ್ಕಕ್ಕೆ ಸೇರುತ್ತದೆ.

ತೂಕ ಇಳಿಯದಿದ್ದರೆ ಇದೆಲ್ಲ ವ್ಯರ್ಥವೇ? ಅಲ್ಲ. ಮಧುಮೇಹದ ಅಂಚಿನಲ್ಲಿದ್ದ 531 ಜನರ ಮೇಲೆ ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಮೂರು ವರ್ಷಗಳಲ್ಲಿ ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ಶೇ 55 ಜನರಿಗೆ ಮಧುಮೇಹ ಬಂತು. ಊಟ, ನಡಿಗೆ ಬದಲಾಯಿಸಿಕೊಂಡವರಲ್ಲಿ ಶೇ 39.3 ಜನರಿಗೆ. ಗಮನಿಸಿ: ಆ ಎರಡನೇ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ.

ಹಾಗಾದರೆ ಸೂಜಿ ಯಾರಿಗೆ?

ಬೊಜ್ಜು ತೀವ್ರವಾಗಿದ್ದು, ಮಧುಮೇಹ, ರಕ್ತದೊತ್ತಡ ಅಥವಾ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವವರಿಗೆ ಇದು ನಿಜವಾದ ಆಸರೆ. ತೆಗೆದುಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ. ಬೊಜ್ಜು ಸೋಮಾರಿತನಕ್ಕೆ ಸಿಗುವ ಶಿಕ್ಷೆಯಲ್ಲ. ಆದರೆ ಮದುವೆಗೆ ಮುಂಚೆ ಐದು ಕೆ.ಜಿ. ಇಳಿಸಲು ಇರುವ ಔಷಧ ಇದಲ್ಲ. ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ. ಅಪರೂಪಕ್ಕೆ ಮೇದೋಜೀರಕ ಗ್ರಂಥಿಯ ಉರಿಯೂತವೂ ಆಗಬಹುದು. ಗರ್ಭಿಣಿಯರು, ಗರ್ಭಧಾರಣೆಯ ಯೋಚನೆಯಲ್ಲಿರುವವರು ತೆಗೆದುಕೊಳ್ಳುವಂತಿಲ್ಲ. ಬೆಲೆ ಎಷ್ಟೇ ಇಳಿದರೂ ವೈದ್ಯರ ಚೀಟಿಯಿಲ್ಲದೆ ಕೊಳ್ಳಬೇಡಿ.

ವೈದ್ಯರು ಸಲಹೆ ಮಾಡಿದರೆ ನೀವು ಮೂರು ಪ್ರಶ್ನೆ ಕೇಳಿ: ಎಷ್ಟು ಕಾಲ ತೆಗೆದುಕೊಳ್ಳಬೇಕು? ನಿಲ್ಲಿಸುವಾಗ ಹೇಗೆ? ಈ ಅವಧಿಯಲ್ಲಿ ನನ್ನ ಊಟದಲ್ಲಿ ಪ್ರೋಟೀನ್ ಎಷ್ಟಿರಬೇಕು, ವ್ಯಾಯಾಮ ಯಾವುದು? ಸೂಜಿ ಬೇಡವೆಂದು ತೀರ್ಮಾನಿಸಿದರೂ ಮೂರನೆಯ ಪ್ರಶ್ನೆ ಬಿಡಬೇಡಿ. ಉತ್ತರ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಟೈಲರ್ ಟೇಪ್ ಒಂದು ಸಾಕು. ತಿಂಗಳಿಗೊಮ್ಮೆ ಹೊಟ್ಟೆಯ ಸುತ್ತ ಅಳೆದು ಬರೆದಿಡಿ.