ವೈಮಾನಿಕನ ರಕ್ತವೂ ರಜೆಯ ಊಟವೂ

ಕಾರವಾರದ ಅರಗಾದಲ್ಲಿ 2005ರಲ್ಲಿ ಐ.ಎನ್.ಎಸ್. ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿದಂದಿನಿಂದ ಸಮವಸ್ತ್ರದವರು ನಮ್ಮ ಪೇಟೆಗೆ ಹೊಸಬರಲ್ಲ. ಅಂಕೋಲೆಯ ಅಲಗೇರಿಯಲ್ಲಿ ನೌಕಾಪಡೆಯ ವಿಮಾನನಿಲ್ದಾಣದ ಯೋಜನೆಯೂ ಇದೆ. ಆದಕಾರಣ ವೈಮಾನಿಕರ ವಾರ್ಷಿಕ ವೈದ್ಯಪರೀಕ್ಷೆಯ ಸಂಗತಿ ಈ ಕರಾವಳಿಯ ಮನೆಗಳಿಗೆ ದೂರದ್ದೇನೂ ಅಲ್ಲ. ರಕ್ತದ ಒಂದು ಅಂಕಿ ಮೇರೆ ಮೀರಿದರೂ ಕಾರಣ ತಿಳಿಯುವವರೆಗೆ ಹಾರಾಟ ನಿಲ್ಲಬಹುದು. ಬೆಂಗಳೂರಿನಲ್ಲಿ 1957ರಲ್ಲಿ ಆರಂಭವಾದ ವಿಮಾನಯಾನ ವೈದ್ಯಶಾಲೆಯು ಇಂದು ಇದಕ್ಕಾಗಿಯೇ ಮೀಸಲಾದ ದೊಡ್ಡ ಸಂಸ್ಥೆಯಾಗಿ ಬೆಳೆದಿದೆ.

ರಜೆಗೆಂದು ಮೇ ತಿಂಗಳಲ್ಲಿ ಊರಿಗೆ ಬಂದ ತರುಣನೊಬ್ಬನನ್ನು ಊಹಿಸಿರಿ. 2023ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಅಂಕೋಲೆಯ ಕರಿ ಈಶಾಡು ಮಾವು ಮನೆತುಂಬ ಇರುತ್ತದೆ. ತಾಯಿ ಹುರಿದ ಮೀನಿನ ಇನ್ನೊಂದು ತುಂಡು ಬಡಿಸದೆ ಬಿಡುವುದಿಲ್ಲ. ಗೆಳೆಯರ ಕೂಟದಲ್ಲಿ ಮದ್ಯವೂ ಸೇರಿತೆನ್ನಿ. ಮರುದಿನದ ಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು 150 ಮಿಲಿಗ್ರಾಮಿನ ಗಡಿ ದಾಟಿದರೆ ಆಶ್ಚರ್ಯವೇನು? ಇದನ್ನು ಬೆಳಗ್ಗೆ ಕಡಲದಂಡೆಯ ಮರಳಿನಲ್ಲಿ ಓಡಿ ಕರಗಿಸುವೆನೆಂದು ಹೊರಟರೆ ಮತ್ತೊಂದು ಫಜೀತಿ! ಕಠಿಣ ವ್ಯಾಯಾಮದಿಂದ ಸ್ನಾಯುಗಳೊಳಗಿನ ಕಿಣ್ವಗಳು ರಕ್ತಕ್ಕೆ ಸೋರುತ್ತವೆ, ಅವುಗಳಲ್ಲಿ ಎ.ಎಸ್.ಟಿ. ಎಂಬುದು ಯಕೃತ್ತಿನಲ್ಲಿಯೂ ಇರುವುದರಿಂದ ಆರೋಗ್ಯವಂತನ ಯಕೃತ್ತಿನ ಮೇಲೆಯೂ ಸಂಶಯ ಹುಟ್ಟುವುದುಂಟು. ಕೆಲವು ದಿನಗಳ ವಿಶ್ರಾಂತಿಯಿಂದ ಅದು ತಾನಾಗಿ ಇಳಿಯುತ್ತದೆ. ಓಡಿದ್ದುಂಟೆಂದು ವೈದ್ಯರಿಗೆ ಮೊದಲೇ ಹೇಳಿದರೆ ಅರ್ಧ ತೊಂದರೆ ತಪ್ಪೀತು.

ಉಪವಾಸವೆಂದರೆ ನೀರನ್ನೂ ಬಿಡಬೇಕೆಂದು ಬಹುಮಂದಿ ನಂಬಿದ್ದಾರೆ. ಏಕಾದಶಿಯ ನಿಯಮ ಪ್ರಯೋಗಾಲಯಕ್ಕೆ ಸಲ್ಲದು. ಕರಾವಳಿಯ ಸೆಕೆಯಲ್ಲಿ ಬೆವರಿ ನೀರು ಕುಡಿಯದಿದ್ದರೆ ರಕ್ತ ಗಟ್ಟಿಯಾಗಿ ಹಿಮೋಗ್ಲೋಬಿನ್ ಇಲ್ಲದ ಏರಿಕೆ ತೋರುತ್ತದೆ.

ಧೂಮಪಾನಿಯ ವಿಷಯ ಇದಕ್ಕಿಂತ ವಿಚಿತ್ರ. ಅವನ ಹಿಮೋಗ್ಲೋಬಿನ್ ಹೆಚ್ಚಿದ್ದರೆ ಮನೆಯವರು ಹಿಗ್ಗಬೇಕಾಗಿಲ್ಲ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಆ ಕೊರತೆ ತುಂಬಲು ದೇಹವು ಕೆಂಪುಕಣಗಳನ್ನು ಹೆಚ್ಚಾಗಿ ಹುಟ್ಟಿಸುತ್ತದೆ. ಗಾಳಿ ವಿರಳವಾದ ಎತ್ತರದಲ್ಲಿ ಅಂಥವನಿಗೆ ಇತರರಿಗಿಂತ ಬೇಗನೆ ಆಮ್ಲಜನಕದ ಅಭಾವವಾಗುತ್ತದೆ. ಕಾಗದದ ಮೇಲಿನ ಒಳ್ಳೆಯ ಅಂಕಿಯೇ ಇಲ್ಲಿ ಅಪಾಯದ ಗುರುತು.

ಪರೀಕ್ಷೆಗೆ ಮೂರು ದಿನವಿರುವಾಗ ಸಿಹಿ ಬಿಟ್ಟು ಸಕ್ಕರೆಯನ್ನು ಮರೆಮಾಡುವ ಜಾಣರೂ ಇದ್ದಾರೆ. ಬರಿಹೊಟ್ಟೆಯ ಅಂಕಿ ಅದರಿಂದ ಕೊಂಚ ಇಳಿದೀತು. ಆದರೆ ಕೆಂಪುಕಣದ ಆಯುಷ್ಯ ಸುಮಾರು 120 ದಿನ. ಅದಕ್ಕಂಟಿದ ಸಕ್ಕರೆಯನ್ನು ಅಳೆಯುವ ಎಚ್.ಬಿ.ಎ.1ಸಿ. ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಕಥೆಯನ್ನು ಹೇಳಿಬಿಡುತ್ತದೆ. ಅದು ಏರಿದ್ದರೆ ನಾಲ್ಕು ದಿನದ ರಜೆಯ ಮಾವನ್ನಾಗಲಿ ತಾಯಿಯ ಕೈಯಡುಗೆಯನ್ನಾಗಲಿ ದೂರುವಂತಿಲ್ಲ.