ಶ್ರುತಿ ತಪ್ಪಿದ್ದು ಅಜ್ಜನಲ್ಲ, ಕೀಬೋರ್ಡು

"ಅಜ್ಜಾ, ನಿಮ್ಮ ಸ್ವರ ಶ್ರುತಿಗೆ ಕೂರ್ತಾ ಇಲ್ಲ." ಭಜನೆಗೆ ಕೀಬೋರ್ಡ್ ಬಂದ ಊರುಗಳಲ್ಲಿ ಈ ಮಾತು ನಮ್ಮ ಕಿವಿಗೆ ಬೀಳುತ್ತಲೇ ಇದೆ. ಆಯುಷ್ಯವಿಡೀ ಏಕತಾರಿ ಹಿಡಿದು ತತ್ವಪದ ಹಾಡಿದವರಿಗೆ, ಆರು ತಿಂಗಳು ಕ್ಲಾಸಿಗೆ ಹೋಗಿ ಬಂದ ಹುಡುಗ ಹೇಳುವ ಮಾತು. ನಾವಿದನ್ನು ಒಪ್ಪುವುದಿಲ್ಲ. ಎಷ್ಟೋ ಸಲ ತಪ್ಪು ಯಂತ್ರದ್ದು.

ಲೆಕ್ಕ ನೋಡಿ. ಕೆಳಗಿನ ಸ-ದಿಂದ ಮೇಲಿನ ಸ-ವರೆಗಿನ ದೂರ 1200 ಸೆಂಟ್. ಕೀಬೋರ್ಡ್ ಅದನ್ನು 12 ಸಮಪಾಲು ಮಾಡಿ ಒಂದೊಂದು ಮನೆಗೆ 100 ಹಂಚುತ್ತದೆ, ತರಿ ಯಾವುದು ಖುಷ್ಕಿ ಯಾವುದು ಎಂದು ನೋಡದೆ ಹೊಲ ಅಳೆದು ಕೊಟ್ಟ ಹಾಗೆ. ಕಿವಿ ಹಾಗೆ ಹಂಚುವುದಿಲ್ಲ. ತಂಬೂರಿಯ ಸ ತಂತಿ ಮೀಟಿ ಸುಮ್ಮನೆ ಕೂತು ಕೇಳಿ, ಅದರೊಳಗೇ ಅಂತರ ಗಾಂಧಾರ ಹೊಮ್ಮುತ್ತದೆ. ಅದರ ಜಾಗ 386. ಕೀಬೋರ್ಡಿನದ್ದು 400. ಧೈವತ 884ರಲ್ಲಿ ಹಿತ, ಕೀಬೋರ್ಡಿನಲ್ಲಿ 900. ಪಂಚಮಕ್ಕೆ ಮಾತ್ರ ವ್ಯತ್ಯಾಸ ಬರೀ 2. ತಂಬೂರಿ ಕೇಳಿ ಬೆಳೆದವರು ಗಾಂಧಾರವನ್ನು ಅದರ ಜಾಗದಲ್ಲೇ ಇಟ್ಟರೆ ಪೆಟ್ಟಿಗೆಯ ಜೊತೆ ಕೂರದು ನಿಜ. ಅದಕ್ಕೆ ಅವರು ಬೇಸುರರಾಗುತ್ತಾರೆಯೇ?

ಈ ಜಗಳ ಹಳೆಯದು. 1940ರಲ್ಲಿ ರೇಡಿಯೋದವರು ಹಾರ್ಮೋನಿಯಂ ಅನ್ನೇ ನಿಷೇಧಿಸಿದರು, ಸಡಿಲಿಸಿದ್ದು 1971ರಲ್ಲಿ. ಅದೂ ಸರಿಯಲ್ಲ ಎನ್ನುತ್ತೇವೆ ನಾವು. ನಮ್ಮ ಕಂಪನಿ ನಾಟಕಗಳು ನಡೆದದ್ದೇ ಆ ಪೆಟ್ಟಿಗೆಯ ಮೇಲೆ. ಪಾಪ, ಅದರ ಸ್ವರ ಬದಲಿಸಬೇಕೆಂದರೆ ರೀಡು ಬಿಚ್ಚಿ ಅರದಿಂದ ಉಜ್ಜಬೇಕು.

ಕೀಬೋರ್ಡಿಗೆ ಆ ನೆಪ ಇಲ್ಲ. 1987ರ ಯಮಾಹಾ ಡಿಎಕ್ಸ್7-2 ಸಿಂಥಸೈಜರಿನಲ್ಲೇ ಒಂದೊಂದು ಮನೆಯ ಶ್ರುತಿ ಬದಲಿಸುವ ಅನುಕೂಲ ಇತ್ತು. ಅರಬ್ಬರ ಸಂಗೀತದಲ್ಲಿ ಎರಡು ಮನೆಗಳ ನಡುವಿನ ಕಾಲು ಸ್ವರ ಬೇಕೇ ಬೇಕು. ಅವರು ಪಟ್ಟು ಹಿಡಿದರು, ಕಂಪನಿಗಳು ಅವರಿಗೆಂದೇ ಮಾದರಿಗಳನ್ನು ಮಾಡಿದವು, ಗುಂಡಿ ಒತ್ತಿದರೆ ಸ್ವರ 50 ಸೆಂಟ್ ಇಳಿಯುತ್ತದೆ. ನಾವು ಕೇಳಲೇ ಇಲ್ಲ. ಕೊಟ್ಟದ್ದನ್ನು ತಂದು, ಅದಕ್ಕೆ ಗಂಟಲು ಬಗ್ಗಿಸಿದೆವು.

ತೀರಾ ಅಗ್ಗದವು ಬಿಟ್ಟರೆ ಹಲವು ಕೀಬೋರ್ಡುಗಳಲ್ಲಿ 'ಸ್ಕೇಲ್ ಟ್ಯೂನ್' ಎಂಬ ಮೆನು ಇದೆ. ಹಾಡುವವರ ಶ್ರುತಿ ಬಿಳಿ ಒಂದು ಆದರೆ ಇ ಮನೆಯನ್ನು 14 ಇಳಿಸಿ, ಎ ಮನೆಯನ್ನು 16, ಬಿ ಮನೆಯನ್ನು 12. ಜಿ ಮನೆಯನ್ನು 2 ಏರಿಸಿ. ಶ್ರುತಿ ಕಪ್ಪು ಎರಡಕ್ಕೆ ಹೋದರೆ ಗಾಂಧಾರ ಜಿ ಮನೆಗೆ ಬರುತ್ತದೆ, ಆಗ 14 ಇಳಿಸಬೇಕಾದ್ದು ಅದನ್ನು. ಹೊಸದಾಗಿ ಕೂರಿಸಬೇಕು. ಬೇಸರದ ಕೆಲಸವೇ, ಆದರೆ ಐದು ನಿಮಿಷದ್ದು.

ಇಷ್ಟು ಮಾಡಿದರೂ ಗಮಕ ಬರುವುದಿಲ್ಲ, ಅದನ್ನೂ ಹೇಳಿಬಿಡೋಣ. ತೋಡಿಯ ಗಾಂಧಾರ ನಿಂತಲ್ಲಿ ನಿಲ್ಲುವ ಸ್ವರವೇ ಅಲ್ಲ. ಅದಕ್ಕೆ ಎಡಗೈ ಪಿಚ್ ಬೆಂಡ್ ಚಕ್ರದ ಮೇಲಿರಬೇಕು, ವರ್ಷಗಟ್ಟಲೆ ಸಾಧನೆ ಬೇಕು. ಕ್ಲಾಸಿನ ಮೇಷ್ಟ್ರುಗಳು ಸಿನಿಮಾ ಹಾಡಿನ ಕಾರ್ಡ್ಸ್ ಕಲಿಸುವ ಮೊದಲು ಆ ಚಕ್ರ ಯಾಕಿದೆ ಎಂದಾದರೂ ಹೇಳಲಿ.

ಈ ಸಲ ಗಣೇಶನ ಹಬ್ಬಕ್ಕೆ ಪಟ್ಟಿ ಎತ್ತಿ ಕೀಬೋರ್ಡ್ ತರುವ ಯುವಕ ಮಂಡಳಿಯವರು ಅಂಗಡಿಯಲ್ಲಿ ಬಣ್ಣದ ಲೈಟು, ನೂರಾರು ರಿದಮ್ಮು ನೋಡುವ ಮುಂಚೆ ಸ್ಕೇಲ್ ಟ್ಯೂನ್ ಎಲ್ಲಿದೆ, ತೋರಿಸಿ ಎನ್ನಿ. ತೋರಿಸಲು ಬಾರದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ. ಹೋಗುವಾಗ ಆ ಅಜ್ಜನನ್ನೂ ಕರೆದುಕೊಂಡು ಹೋಗಿ, ಕೀಬೋರ್ಡಿನ ಪರೀಕ್ಷೆ ಅವರೇ ಮಾಡಲಿ.