ಗುರುಋಣವನ್ನು ತೀರಿಸುವ ಬಗೆ

ಗುರುಋಣ ತೀರಿಸಲಾಗದ ಋಣವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಮಾತು ದೊಡ್ಡದೇ ಸರಿ. ಆದರೆ ತೀರದ ಸಾಲವೆಂದು ಮೊದಲೇ ಒಪ್ಪಿಕೊಂಡವನು ಕ್ರಮೇಣ ಅದನ್ನು ತೀರಿಸುವ ಯೋಚನೆಯನ್ನೇ ಬಿಟ್ಟುಬಿಡುತ್ತಾನೆ. ಬೀಳ್ಕೊಡುಗೆಯ ದಿನ ಒಂದು ಹಾರ, ಒಂದು ಹಣ್ಣಿನ ಬುಟ್ಟಿ, ದಾರಿದೀಪ, ಜ್ಞಾನಜ್ಯೋತಿ ಎಂಬ ನಾಲ್ಕು ಮಾತು, ಅಲ್ಲಿಗೆ ಮುಗಿಯಿತು. ಈ ಮಾತುಗಳನ್ನು ಯಾವ ಗುರುಗಳ ವಿಷಯದಲ್ಲಾದರೂ ಆಡಬಹುದು. ನಮಗೆ ದೊರೆತದ್ದು ಏನೆಂದು ಖಚಿತವಾಗಿ ಅರಿಯುವುದು, ಅದನ್ನು ಮತ್ತೊಬ್ಬರಿಗೆ ದಾಟಿಸುವುದು, ಇವೆರಡೇ ನಿಜವಾದ ಕೃತಜ್ಞತೆಯೆಂದು ನನ್ನ ಅಲ್ಪಮತಿಗೆ ತೋರುತ್ತದೆ.

ನನ್ನ ಮಟ್ಟಿಗೆ ಹೇಳುವುದಾದರೆ, ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತಂದೆ ಬೇಸಾಯಗಾರರು, ತಾಯಿಗೆ ಓದು ಬಾರದು. ತಮ್ಮಲ್ಲಿದ್ದುದೆಲ್ಲವನ್ನೂ ಅವರು ನನಗೆ ಕೊಟ್ಟಿದ್ದಾರೆ. ಆದರೆ ಓದಿದವರ ಮನೆಯ ಮಕ್ಕಳಿಗೆ ಊಟದ ಹೊತ್ತಿನಲ್ಲಿ ತಾನಾಗಿ ತಿಳಿಯುವ ಕೆಲವು ಸಂಗತಿಗಳುಂಟು. ಗ್ರಂಥಭಂಡಾರದಲ್ಲಿ ಬೇಕಾದ ಪುಸ್ತಕವನ್ನು ಹೇಗೆ ಹುಡುಕಬೇಕು, ವಿದ್ಯಾರ್ಥಿವೇತನಕ್ಕೆ ಯಾವಾಗ ಅರ್ಜಿ ಹಾಕಬೇಕು, ಬಿ.ಎ. ಆದ ಮೇಲೆ ಯಾವ ಯಾವ ದಾರಿಗಳಿವೆ ಎಂಬುದನ್ನೆಲ್ಲ ನನಗೆ ತಿಳಿಸಿದವರು ನಮ್ಮ ಚರಿತ್ರೆಯ ಅಧ್ಯಾಪಕರು.

ಅದಕ್ಕಿಂತ ಮಿಗಿಲಾದುದೂ ಒಂದು ಅವರಿಂದ ದೊರೆಯಿತು. ಒಮ್ಮೆ ಅವರು ನನ್ನ ಊರು ಯಾವುದೆಂದು ಕೇಳಿದರು. ಮರುದಿನ ಬಿ. ಎಲ್. ರೈಸರ ಶಾಸನ ಸಂಪುಟಗಳಾದ 'ಎಪಿಗ್ರಾಫಿಯಾ ಕರ್ನಾಟಿಕಾ'ದಲ್ಲಿ ಒಂದನ್ನು ತಂದು ನಮ್ಮ ತಾಲ್ಲೂಕಿನ ಭಾಗವನ್ನು ತೆರೆದಿಟ್ಟರು. ಅಲ್ಲಿ ನಮ್ಮೂರಿನ ಹೆಸರಿತ್ತು! ನಾವು ಚಿಕ್ಕಂದಿನಲ್ಲಿ ಹತ್ತಿ ಆಡುತ್ತಿದ್ದ ಊರ ಮುಂದಿನ ಕಲ್ಲು, ತುರುಗಳನ್ನು ಬಿಡಿಸಿ ತರಲು ಹೋರಾಡಿ ಮಡಿದವನೊಬ್ಬನ ವೀರಗಲ್ಲೆಂದು ಆಗ ತಿಳಿಯಿತು. ಗುರುಗಳು ಉಪದೇಶವನ್ನೇನೂ ಮಾಡಲಿಲ್ಲ; ನಾನು ಓದಿ ಮುಗಿಸುವವರೆಗೆ ಸುಮ್ಮನೆ ಕುಳಿತಿದ್ದರು. ಚರಿತ್ರೆ ಅರಸರದು ಮಾತ್ರವಲ್ಲ, ನಮ್ಮಂಥ ದನಕಾಯುವವರದೂ ಹೌದೆಂದು ಅರಿತ ಆ ದಿನವೇ ನಾನೂ ಚರಿತ್ರೆಯನ್ನು ಕಲಿಸಬೇಕೆಂದು ನಿಶ್ಚಯಿಸಿದೆ.

ಕೃತಜ್ಞತೆಯ ಬಗೆಗಳು ಹಲವು. 1921ರಲ್ಲಿ ರಾಧಾಕೃಷ್ಣನ್ ಅವರು ಮೈಸೂರಿನಿಂದ ಕಲ್ಕತ್ತೆಗೆ ಹೊರಟಾಗ, ಮಹಾರಾಜಾ ಕಾಲೇಜಿನ ವಿದ್ಯಾರ್ಥಿಗಳು ಕುದುರೆಗಳನ್ನು ಬಿಚ್ಚಿ ಅವರ ಸಾರೋಟನ್ನು ತಾವೇ ರೈಲು ನಿಲ್ದಾಣಕ್ಕೆ ಎಳೆದರು. ಅದೊಂದು ಹೃದಯಂಗಮವಾದ ಬಗೆ. ಇನ್ನೊಂದು ಬಗೆಯನ್ನು ಕುವೆಂಪು ಅವರಲ್ಲಿ ಕಾಣುತ್ತೇವೆ. ಅದೇ ಕಾಲೇಜಿನಲ್ಲಿ ಟಿ. ಎಸ್. ವೆಂಕಣ್ಣಯ್ಯನವರಿಗೆ ಶಿಷ್ಯರಾಗಿದ್ದ ಅವರು 1929ರಲ್ಲಿ ಅಲ್ಲಿಯೇ ಅಧ್ಯಾಪಕರಾದರು. 1939ರಲ್ಲಿ ಗುರುಗಳು ತೀರಿಕೊಂಡರು. 1949ರಲ್ಲಿ ಬೆಳಕು ಕಂಡ 'ಶ್ರೀ ರಾಮಾಯಣ ದರ್ಶನಂ' ಆ ಗುರುಗಳಿಗೇ ಅರ್ಪಿತವಾಯಿತು. ಅದನ್ನು ಕೈಯಲ್ಲಿ ಹಿಡಿಯಲು ಗುರುಗಳು ಇರಲಿಲ್ಲ. ಆದರೆ ಕನ್ನಡ ನಾಡಿಗೆ ನಾಡೇ ಅದನ್ನು ಪಡೆಯಿತು. ಋಣ ಸಂದಾಯವೆಂದರೆ ಇದಲ್ಲವೆ?

"ಮೊದಲು ಮನೆಯ ಸಾಲ ತೀರಲಿ, ಗುರುಋಣದ ಮಾತು ಆಮೇಲೆ" ಎಂದು ಕೆಲವು ಮಿತ್ರರು ಹೇಳಬಹುದು. ಈ ಆಕ್ಷೇಪಣೆ ಹುರುಳಿಲ್ಲದುದಲ್ಲ. ಪದವಿ ಬಂದೊಡನೆ ಮಗನಿಗೆ ಕೆಲಸ ಸಿಕ್ಕೀತೆಂದು ನನ್ನ ತಂದೆಯೂ ಕಾದಿದ್ದಾರೆ. ಎಂ.ಎ. ಎಂದರೆ ಇನ್ನೂ ಎರಡು ವರ್ಷ. ನಾನು ಆ ದಾರಿಯನ್ನು ಹಿಡಿಯಬೇಕೆಂದಿದ್ದರೂ ಎಲ್ಲರೂ ಅಧ್ಯಾಪಕರೇ ಆಗಬೇಕೆಂದು ವಾದಿಸಲಾರೆ. ಅದರ ಅಗತ್ಯವೂ ಇಲ್ಲ. ಅರ್ಜಿ ಹಿಡಿದು ಕಚೇರಿಯ ಕಿಟಕಿಯ ಮುಂದೆ ಅಂಜಿ ನಿಂತ ಹಳ್ಳಿಯ ಹುಡುಗನಿಗೆ, ಗದರದೆ, ಎಲ್ಲಿ ಸಹಿ ಮಾಡಬೇಕೆಂದು ತೋರಿಸುವ ಗುಮಾಸ್ತನೂ ಗುರುಋಣವನ್ನು ತೀರಿಸುತ್ತಿರುತ್ತಾನೆ.

ಸಹಪಾಠಿ ಮಿತ್ರರೆ, ಈ ವರ್ಷ ನಾವು ಈ ಕಾಲೇಜನ್ನು ಬಿಟ್ಟು ಹೊರಡುತ್ತೇವೆ. ಹಾರವನ್ನು ಹಾಕೋಣ, ಬೇಡವೆನ್ನುವುದಿಲ್ಲ. ಆದರೆ ನಮ್ಮ ನಮ್ಮ ಊರುಗಳಿಂದ ಮುಂದಿನ ವರ್ಷ ಇಲ್ಲಿಗೆ ಬರುವ ಒಬ್ಬೊಬ್ಬರನ್ನಾದರೂ ಗ್ರಂಥಭಂಡಾರದ ಬಾಗಿಲವರೆಗೆ ಕರೆತಂದು ಬಿಡೋಣ. ನಮ್ಮ ಗುರುಗಳಿಗೆ ಹಾರಕ್ಕಿಂತ ಅದೇ ಹೆಚ್ಚು ಪ್ರಿಯವಾದೀತೆಂದು ನನ್ನ ನಂಬಿಕೆ.